ಫಿನ್‌ಲ್ಯಾಂಡ್‌ನ ಸೊಳ್ಳೆಗಳ ಸಮೀಕ್ಷೆ ಮತ್ತು ಪ್ರಭೇದ ಗುರುತಿಸುವಿಕೆ: ಹಂತ ಹಂತವಾದ ಸಮಗ್ರ ಮಾರ್ಗದರ್ಶಿ

ಫಿನ್‌ಲ್ಯಾಂಡ್‌ನಲ್ಲಿ ಸೊಳ್ಳೆ ಹಿಡಿಯುವುದು ಕಷ್ಟವಲ್ಲ. ಜೂನ್ ತಿಂಗಳಲ್ಲಿ ಕಾಡಿನೊಳಗೆ ತೋಳು ತೆರೆದುಕೊಂಡು ನಿಂತರೆ ಅವೇ ಹುಡುಕಿಕೊಂಡು ಬರುತ್ತವೆ. ಕಷ್ಟವಿರುವುದು ಹಿಡಿದ ಸೊಳ್ಳೆಗೆ ಸರಿಯಾದ ಹೆಸರು ಕೊಡುವುದರಲ್ಲಿ. ಈ ದೇಶದಲ್ಲಿ ನಲವತ್ತಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿದ್ದು, ಅವುಗಳಲ್ಲಿ ಬಹುಪಾಲು ಈಡಿಸ್ ಕುಲದವು. ಆ ಕುಲದ ಹಲವು ಪ್ರಭೇದಗಳು ಬರಿಗಣ್ಣಿಗೆ ಒಂದೇ ತೆರನಾದ ಕಂದುಬಣ್ಣದ ಸೊಳ್ಳೆಗಳಾಗಿ ಕಾಣುತ್ತವೆ. ಜುಲೈನಲ್ಲಿ ಬಲೆ ಬೀಸಿ ಹಿಡಿದು, ಎಲ್ಲವನ್ನೂ ಒಂದೇ ಸೀಸೆಗೆ ತುಂಬಿ, ಚಳಿಗಾಲದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತವರು ಸೋಲುವುದು ಗುರುತಿಸುವ ಕೌಶಲದ ಕೊರತೆಯಿಂದಲ್ಲ, ಕೆಲಸದ ಅನುಕ್ರಮ ತಪ್ಪಿದ್ದರಿಂದ. ಗುರುತಿಸಲು ಬೇಕಾದ ಲಕ್ಷಣಗಳು ಅಷ್ಟರಲ್ಲಿ ಉದುರಿಹೋಗಿರುತ್ತವೆ.

ಭಾರತದಲ್ಲಿ ತರಬೇತಿ ಪಡೆದು ಫಿನ್‌ಲ್ಯಾಂಡ್‌ನ ವಿಶ್ವವಿದ್ಯಾಲಯಗಳಿಗೆ ಹೋದ ನಮ್ಮವರಿಗೆ ಇನ್ನೊಂದು ತೊಡಕಿದೆ. ಕರ್ನಾಟಕದಲ್ಲಿ ಡೆಂಗಿ ಸಮೀಕ್ಷೆಯೆಂದರೆ ಮನೆಮನೆಗೆ ಹೋಗಿ ತೊಟ್ಟಿ, ಡ್ರಮ್ಮು, ಟೈರುಗಳಲ್ಲಿ ಲಾರ್ವಾ ಹುಡುಕುವುದು. ಫಿನ್‌ಲ್ಯಾಂಡ್‌ನಲ್ಲಿ ಅದೇ ಕ್ರಮವನ್ನು ಅನುಸರಿಸಿದರೆ ಕೈಗೆ ಸಿಗುವುದು ಮುಖ್ಯವಾಗಿ ಕ್ಯೂಲೆಕ್ಸ್ ಕುಲದ ಸೊಳ್ಳೆಗಳು. ದೇಶದ ಸೊಳ್ಳೆ ಸಂಪತ್ತಿನ ಬಹುಭಾಗ ಹಿಮ ಕರಗಿದ ಕಾಡಿನ ಹೊಂಡಗಳಲ್ಲಿಯೂ ಜೌಗು ಬಯಲುಗಳಲ್ಲಿಯೂ ಉಳಿದುಬಿಡುತ್ತದೆ.

ಹಂತ 1: ಮೊದಲು ಪಂಚಾಂಗ, ಆಮೇಲೆ ನಕ್ಷೆ

ಇಲ್ಲಿನ ಈಡಿಸ್ ಪ್ರಭೇದಗಳಲ್ಲಿ ಹೆಚ್ಚಿನವು ಚಳಿಗಾಲವನ್ನು ಮೊಟ್ಟೆಯಾಗಿ ಕಳೆಯುತ್ತವೆ, ಹಿಮ ಕರಗಿದ ನೀರಿನಲ್ಲಿ ಒಡೆದು ವರ್ಷಕ್ಕೆ ಒಂದೇ ಪೀಳಿಗೆಯನ್ನು ಮುಗಿಸುತ್ತವೆ. ದಕ್ಷಿಣ ಫಿನ್‌ಲ್ಯಾಂಡ್‌ನಲ್ಲಿ ಇವುಗಳ ಲಾರ್ವಾಗಳು ಏಪ್ರಿಲ್ ಕೊನೆಯಿಂದ ಮೇ ತಿಂಗಳಿನಲ್ಲಿ ಸಿಗುತ್ತವೆ. ದೇಶದ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡ್‌ನಲ್ಲಿ ಅದೇ ಹಂತ ಮೇ ಕೊನೆಯಿಂದ ಜೂನ್‌ವರೆಗೆ ಜಾರುತ್ತದೆ. ಈ ಕೆಲವೇ ವಾರಗಳನ್ನು ತಪ್ಪಿಸಿಕೊಂಡರೆ ಆ ವರ್ಷದ ಲಾರ್ವಾ ಸಮೀಕ್ಷೆ ಮುಗಿದಂತೆಯೇ. ಹಿಮ ಕರಗುವ ಕಾಲ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಪ್ರವಾಸದ ದಿನಾಂಕವನ್ನು ಮುಂಚಿತವಾಗಿ ಬಿಗಿಯಾಗಿ ನಿಗದಿಪಡಿಸದೆ, ಆ ಪ್ರದೇಶದ ಹಿಮದ ಸ್ಥಿತಿಯನ್ನು ಗಮನಿಸುತ್ತಾ ಹೊರಡುವುದು ಒಳ್ಳೆಯದು.

ಉಳಿದ ಕುಲಗಳಿಗೆ ಬೇರೆ ಬೇರೆ ಕಾಲ. ಕ್ಯೂಲೆಕ್ಸ್, ಅನಾಫಿಲಿಸ್ ಮ್ಯಾಕ್ಯುಲಿಪೆನ್ನಿಸ್ ಗುಂಪು, ಕ್ಯೂಲಿಸೆಟಾ ಅಲಾಸ್ಕೆನ್ಸಿಸ್ ಮುಂತಾದವುಗಳ ಹೆಣ್ಣುಗಳು ವಯಸ್ಕ ರೂಪದಲ್ಲಿಯೇ ಚಳಿಗಾಲ ಕಳೆಯುವುದರಿಂದ ಅವುಗಳನ್ನು ಚಳಿಗಾಲದಲ್ಲಿ ನೆಲಮಾಳಿಗೆ ಮತ್ತು ಹಳೆಯ ಬಂಕರುಗಳ ಗೋಡೆಗಳ ಮೇಲೆ ಹುಡುಕಬಹುದು. ವಸಂತದ ಆರಂಭದಲ್ಲಿ, ಈಡಿಸ್ ಇನ್ನೂ ನೀರಿನಲ್ಲಿರುವಾಗಲೇ, ಎದುರಾಗುವ ದೊಡ್ಡ ಗಾತ್ರದ ಸೊಳ್ಳೆ ಬಹುತೇಕ ಕ್ಯೂಲಿಸೆಟಾ ಆಗಿರುತ್ತದೆ. ಅನಾಫಿಲಿಸ್ ಲಾರ್ವಾಗಳಿಗೆ ಜುಲೈ ಮತ್ತು ಆಗಸ್ಟ್ ಸೂಕ್ತ.

ಕಾಲ ನಿಶ್ಚಯವಾದ ಮೇಲೆ ನಕ್ಷೆ ಬಿಡಿಸಿರಿ. ಫಿನ್‌ಲ್ಯಾಂಡ್‌ನ ರಾಷ್ಟ್ರೀಯ ಭೂಮಾಪನ ಸಂಸ್ಥೆಯ ಸ್ಥಳವಿವರ ನಕ್ಷೆಗಳು ಉಚಿತವಾಗಿ ಸಿಗುತ್ತವೆ ಮತ್ತು ಜೌಗು ಪ್ರದೇಶಗಳನ್ನು ಸ್ಪಷ್ಟವಾಗಿ ತೋರಿಸುತ್ತವೆ. ಪ್ರತಿ ಪ್ರದೇಶದಲ್ಲಿ ಕನಿಷ್ಠ ಐದು ಬಗೆಯ ನೆಲೆಗಳನ್ನು ಆಯ್ದುಕೊಳ್ಳಬೇಕು: ಎಲೆಕಸ ತುಂಬಿದ ಕಾಡಿನ ಹೊಂಡ, ಸ್ಫ್ಯಾಗ್ನಮ್ ಪಾಚಿಯ ಆಮ್ಲೀಯ ಜೌಗು, ನೆರೆ ಬರುವ ನದಿದಂಡೆಯ ಹುಲ್ಲುಗಾವಲು, ಜೊಂಡು ಬೆಳೆದ ಕೆರೆಯಂಚು, ಮತ್ತು ಜನವಸತಿಯ ಮಳೆನೀರಿನ ಪೀಪಾಯಿ. ಕರಾವಳಿಯಾದರೆ ಉಪ್ಪುಮಿಶ್ರಿತ ನೀರಿನ ಬಂಡೆಗುಳಿಗಳನ್ನೂ, ಹಳೆಯ ಓಕ್ ಮರಗಳಿರುವ ನೈಋತ್ಯ ಭಾಗವಾದರೆ ಮರದ ಪೊಟರೆಗಳನ್ನೂ ಸೇರಿಸಿರಿ. ಒಂದೇ ಬಗೆಯ ಇಪ್ಪತ್ತು ಹೊಂಡಗಳಿಗಿಂತ ಐದು ಬಗೆಯ ನಾಲ್ಕು ನಾಲ್ಕು ಹೊಂಡಗಳು ಹೆಚ್ಚು ಪ್ರಭೇದಗಳನ್ನು ಕೊಡುತ್ತವೆ.

ಹಂತ 2: ಅನುಮತಿ ಮತ್ತು ಸುರಕ್ಷತೆ

ಫಿನ್‌ಲ್ಯಾಂಡ್‌ನಲ್ಲಿ ಯಾರ ಕಾಡಿನಲ್ಲಾದರೂ ನಡೆದಾಡುವ ಸಾರ್ವಜನಿಕ ಹಕ್ಕು ಎಲ್ಲರಿಗೂ ಇದೆ. ಆದರೆ ಬಲೆಪೆಟ್ಟಿಗೆಯನ್ನು ರಾತ್ರಿಯಿಡೀ ಬಿಟ್ಟುಬರುವುದಿದ್ದರೆ ಭೂಮಾಲೀಕರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಬೇಕು. ರಾಷ್ಟ್ರೀಯ ಉದ್ಯಾನ ಮತ್ತು ಸಂರಕ್ಷಿತ ಪ್ರದೇಶಗಳಲ್ಲಿ ಕೀಟ ಸಂಗ್ರಹಿಸಲು ಮುಂಚಿತ ಪರವಾನಗಿ ಬೇಕು. ಅದಕ್ಕೆ ಸಮಯ ಹಿಡಿಯುವುದರಿಂದ ಅರ್ಜಿಯನ್ನು ಚಳಿಗಾಲದಲ್ಲಿಯೇ ಹಾಕಿರಬೇಕು. ಕಿಲ್ಪಿಸ್‌ಯಾರ್ವಿ, ಕೇವೊ, ಔಲಂಕಾ, ಲಮ್ಮಿ, ತ್ವ್ಯಾರ್ಮಿನ್ನೆಯ ಸಂಶೋಧನಾ ಕೇಂದ್ರಗಳ ಪೈಕಿ ಹತ್ತಿರದ್ದನ್ನು ನೆಲೆಯಾಗಿ ಮಾಡಿಕೊಂಡರೆ ತಂಪು ಕೋಣೆ, ಸೂಕ್ಷ್ಮದರ್ಶಕ ಮತ್ತು ಸ್ಥಳೀಯ ತಿಳಿವಳಿಕೆ ಮೂರೂ ಒದಗುತ್ತವೆ.

ಜೌಗಿಗೆ ಒಬ್ಬರೇ ಇಳಿಯಬೇಡಿ. ಓಲಾಂಡ್ ಮತ್ತು ನೈಋತ್ಯ ದ್ವೀಪಸಮೂಹದಲ್ಲಿ ಸೊಳ್ಳೆಗಿಂತ ಉಣ್ಣೆಯೇ ಹೆಚ್ಚಿನ ಅಪಾಯ; ಉಣ್ಣೆಯಿಂದ ಹರಡುವ ಮಿದುಳಿನ ಉರಿಯೂತಕ್ಕೆ ಲಸಿಕೆಯಿದ್ದು, ಅಲ್ಲಿ ಬೇಸಗೆಯಿಡೀ ಕೆಲಸ ಮಾಡುವವರು ಹಾಕಿಸಿಕೊಳ್ಳುವುದು ವಿಹಿತ.

ಹಂತ 3: ಸಲಕರಣೆಗಳನ್ನು ಜೋಡಿಸಿಕೊಳ್ಳುವುದು

ಲಾರ್ವಾಗಳಿಗೆ ಸುಮಾರು 350 ಮಿಲಿಲೀಟರ್ ಹಿಡಿಯುವ ಉದ್ದ ಹಿಡಿಕೆಯ ಬಿಳಿ ಸೌಟು, ಬಿಳಿ ತಟ್ಟೆ, ಅಗಲ ಬಾಯಿಯ ಪಿಪೆಟ್ಟು, ಪೊಟರೆಗಾಗಿ ಉದ್ದ ಕೊಳವೆಯ ರಬ್ಬರ್ ಹೀರುಗ, ನೀರಿನ ಥರ್ಮಾಮೀಟರು, ಮುಚ್ಚಳವಿರುವ ಸಣ್ಣ ಸೀಸೆಗಳು ಮತ್ತು ಐಸ್‌ಪೆಟ್ಟಿಗೆ ಬೇಕು. ವಯಸ್ಕ ಸೊಳ್ಳೆಗಳಿಗೆ ಬಾಯಿಂದ ಹೀರುವ ಕೊಳವೆ, ಕೈಬಲೆ, ಹಾಗೂ ಇಂಗಾಲದ ಡೈಆಕ್ಸೈಡ್ ಬಳಸುವ ಹೀರುಪೆಟ್ಟಿಗೆ, ಅಂದರೆ ಟ್ರ್ಯಾಪ್ ಬೇಕು. ಬಾಯಿಂದ ಹೀರುವ ಕೊಳವೆಯಲ್ಲಿ ಸೂಕ್ಷ್ಮ ಶೋಧಕ ಇರಲೇಬೇಕು. ಇಲ್ಲವಾದರೆ ಉದುರಿದ ಶಲ್ಕಗಳು, ಅಂದರೆ ಸೊಳ್ಳೆಯ ಮೈಮೇಲಿನ ಹುಡಿಯಂಥ ಹುರುಪೆಗಳು, ಶ್ವಾಸಕೋಶಕ್ಕೆ ಹೋಗುತ್ತವೆ.

ಪ್ರಯೋಗಾಲಯಕ್ಕೆ ನೂರು ಪಟ್ಟಿನಷ್ಟಾದರೂ ದೊಡ್ಡದಾಗಿ ತೋರಿಸುವ ಸ್ಟೀರಿಯೊ ಸೂಕ್ಷ್ಮದರ್ಶಕ, ಗಾಜಿನ ಪಟ್ಟಿಗಳನ್ನು ನೋಡಲು ಸಂಯುಕ್ತ ಸೂಕ್ಷ್ಮದರ್ಶಕ, ಕೀಟಸೂಜಿಗಳು, ತ್ರಿಕೋನಾಕಾರದ ರಟ್ಟಿನ ತುಂಡುಗಳು, ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ, ಎಥನಾಲ್ ಮತ್ತು ಸಿಲಿಕಾ ಜೆಲ್ ಸಾಕು. ದೀಪದ ಬಗ್ಗೆ ಜಿಪುಣತನ ಮಾಡಬೇಡಿ. ತಿಳಿ ಶಲ್ಕವೋ ಕಪ್ಪು ಶಲ್ಕವೋ ಎಂಬ ಪ್ರಶ್ನೆಗೆ ಉತ್ತರ ಬೆಳಕಿನ ಕೋನದ ಜೊತೆಗೆ ಬದಲಾಗುತ್ತದೆ. ಎರಡು ದಿಕ್ಕಿನಿಂದ ಹೊಂದಿಸಬಹುದಾದ ದೀಪವಿಲ್ಲದಿದ್ದರೆ ಎಷ್ಟು ಒಳ್ಳೆಯ ಮಸೂರವಿದ್ದರೂ ಪ್ರಯೋಜನವಿಲ್ಲ.

ಹಂತ 4: ಲಾರ್ವಾ ಸಂಗ್ರಹ

ಹೊಂಡದ ಬಳಿ ಹೋಗುವಾಗ ಸೂರ್ಯನಿಗೆ ಎದುರಾಗಿ ನಡೆದು, ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ನೆರಳು ಬಿದ್ದರೆ ಅಥವಾ ದಡ ಅದುರಿದರೆ ಲಾರ್ವಾಗಳು ತಳಕ್ಕೆ ಇಳಿಯುತ್ತವೆ, ಖಾಲಿ ಸೌಟನ್ನು ನೋಡಿದವರು ಹೊಂಡದಲ್ಲಿ ಏನೂ ಇಲ್ಲವೆಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಕೆಲವು ನಿಮಿಷ ಕದಲದೆ ನಿಂತು, ಸೌಟನ್ನು ಓರೆಯಾಗಿ ಹಿಡಿದು, ಹುಲ್ಲಿನ ಬುಡದ ಕಡೆಯಿಂದ ಚುರುಕಾಗಿ ಎತ್ತಬೇಕು. ಪ್ರತಿ ಹೊಂಡಕ್ಕೂ ಒಂದೇ ಸಂಖ್ಯೆಯ ಸೌಟು, ಉದಾಹರಣೆಗೆ ಹತ್ತು, ಎಂದು ನಿಯಮ ಮಾಡಿಕೊಂಡರೆ ನೆಲೆಗಳನ್ನು ಪರಸ್ಪರ ಹೋಲಿಸಬಹುದು. ಏನೂ ಸಿಗದ ಹೊಂಡವನ್ನೂ ಸೊನ್ನೆ ಎಂದು ದಾಖಲಿಸಿರಿ.

ಹೊಂಡದ ಸ್ವಭಾವವೇ ಮೊದಲ ಸುಳಿವು ಕೊಡುತ್ತದೆ. ಕೊಳೆತ ಎಲೆಗಳ ಕಪ್ಪು ತಳವಿರುವ ಕಾಡಿನ ಹೊಂಡದಲ್ಲಿ ಈಡಿಸ್ ಕಮ್ಯೂನಿಸ್, ಪಾಚಿಯ ಆಮ್ಲೀಯ ನೀರಿನಲ್ಲಿ ಈಡಿಸ್ ಪಂಕ್ಟರ್, ಉತ್ತರದ ಬಯಲು ಜೌಗಿನಲ್ಲಿ ಈಡಿಸ್ ಹೆಕ್ಸೊಡೊಂಟಸ್, ಮರಗಳೇ ಇಲ್ಲದ ಎತ್ತರದ ಟುಂಡ್ರಾದಲ್ಲಿ ಈಡಿಸ್ ನೈಗ್ರಿಪಿಸ್ ಮತ್ತು ಈಡಿಸ್ ಇಂಪೈಗರ್ ನಿರೀಕ್ಷಿತ. ಆದರೆ ಸುಳಿವನ್ನು ತೀರ್ಮಾನವೆಂದು ಭಾವಿಸಿ ಹೊಂಡ ನೋಡಿಯೇ ಹೆಸರು ಬರೆಯುವ ಚಪಲದಿಂದ ದೂರವಿರಬೇಕು. ಒಂದೇ ಹೊಂಡದಲ್ಲಿ ಮೂರುನಾಲ್ಕು ಪ್ರಭೇದಗಳು ಕೂಡಿರುವುದು ಸಾಮಾನ್ಯ.

ಸೌಟಿಗೆ ಎಂದೂ ಬಾರದ ಒಂದು ಸೊಳ್ಳೆಯಿದೆ. ಕಾಕಿಲೆಟಿಡಿಯಾ ರಿಕಿಯಾರ್ಡಿಯ ಲಾರ್ವಾ ತನ್ನ ಉಸಿರುಗೊಳವೆಯನ್ನು ಜೊಂಡಿನಂಥ ನೀರುಗಿಡಗಳ ಬೇರು ಮತ್ತು ಕಾಂಡಕ್ಕೆ ಚುಚ್ಚಿ ಅಲ್ಲಿಂದಲೇ ಗಾಳಿ ಪಡೆಯುತ್ತದೆ, ಮೇಲ್ಮೈಗೆ ಬರುವುದೇ ಇಲ್ಲ. ಇದನ್ನು ಹುಡುಕಲು ಗಿಡಗಳನ್ನು ಬೇರುಸಮೇತ ಕಿತ್ತು ಬಕೆಟ್ಟಿನ ನೀರಿನಲ್ಲಿ ಜೋರಾಗಿ ತೊಳೆದು, ಆ ನೀರನ್ನು ಸೋಸಬೇಕು. ಹೆಚ್ಚಿನವರಿಗೆ ಇಷ್ಟು ಶ್ರಮ ಬೇಕಿಲ್ಲ. ಜುಲೈನಲ್ಲಿ ಕೆರೆಯಂಚಿನಲ್ಲಿ ಟ್ರ್ಯಾಪ್ ಇಟ್ಟು ವಯಸ್ಕ ಹೆಣ್ಣುಗಳನ್ನೇ ಹಿಡಿಯುವುದು ಸುಲಭ.

ಪ್ರತಿ ಹೊಂಡದ ಲಾರ್ವಾಗಳನ್ನು ಎರಡು ಪಾಲು ಮಾಡಿರಿ. ಒಂದು ಪಾಲನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿಗೆ ಹಾಕಿ ಕೊಂದು, ಆಮೇಲೆ ಶೇಕಡಾ 80ರ ಎಥನಾಲ್‌ಗೆ ವರ್ಗಾಯಿಸಬೇಕು. ನೇರವಾಗಿ ಎಥನಾಲ್‌ಗೆ ಹಾಕಿದ ಲಾರ್ವಾ ಕುಗ್ಗಿ ಕಪ್ಪಾಗುತ್ತದೆ. ಇನ್ನೊಂದು ಪಾಲು ಜೀವಂತವಾಗಿ ಐಸ್‌ಪೆಟ್ಟಿಗೆಯಲ್ಲಿ ಪ್ರಯೋಗಾಲಯ ಸೇರಬೇಕು. ಸೀಸೆಯನ್ನು ತುಂಬ ತುಂಬಿಸದೆ ಮೇಲೆ ಗಾಳಿಗೆ ಜಾಗ ಬಿಡಿ.

ಹಂತ 5: ಒಂದೊಂದಾಗಿ ಸಾಕುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದೇ, ಜನ ಅತಿ ಹೆಚ್ಚಾಗಿ ಬಿಟ್ಟುಬಿಡುವುದೂ ಇದನ್ನೇ. ಬೆಳವಣಿಗೆಯ ನಾಲ್ಕನೇ, ಅಂದರೆ ಕೊನೆಯ, ಹಂತದಲ್ಲಿರುವ ಲಾರ್ವಾವನ್ನು ತನ್ನದೇ ಆದ ಒಂದು ಸೀಸೆಯಲ್ಲಿ ಇಟ್ಟರೆ ಅದು ಪ್ಯೂಪಾ ಆಗುವಾಗ ಲಾರ್ವಾದ ಪೊರೆಯನ್ನೂ, ಸೊಳ್ಳೆಯಾಗಿ ಹೊರಬರುವಾಗ ಪ್ಯೂಪಾದ ಪೊರೆಯನ್ನೂ ಕಳಚಿ ಕೊಡುತ್ತದೆ. ಆಗ ಒಂದೇ ಜೀವಿಯ ಎರಡು ಪೊರೆಗಳು ಮತ್ತು ಒಂದೂ ಶಲ್ಕ ಉದುರದ ಹೊಸ ಸೊಳ್ಳೆ ನಿಮ್ಮ ಕೈಯಲ್ಲಿರುತ್ತವೆ. ವಯಸ್ಕ ಸೊಳ್ಳೆಯ ಗುರುತಿನಲ್ಲಿ ಸಂಶಯ ಬಂದರೆ ಲಾರ್ವಾ ಪೊರೆ ಉತ್ತರಿಸುತ್ತದೆ.

ಸಾಕುವಾಗ ಅದೇ ಹೊಂಡದ ಸೋಸಿದ ನೀರನ್ನು ಬಳಸಿರಿ. ಹಿಮದ ನೀರಿನ ಲಾರ್ವಾಗಳಿಗೆ ಕೋಣೆಯ ಬಿಸುಪು ಮಾರಕ. 10ರಿಂದ 15 ಡಿಗ್ರಿಯ ತಂಪಿನಲ್ಲಿ, ನೇರ ಬಿಸಿಲು ತಾಗದಂತೆ ಇಡಬೇಕು. ಆಹಾರವಾಗಿ ಮೀನಿನ ತಿನಿಸಿನ ಪುಡಿಯನ್ನು ಚಿಟಿಕೆಗಿಂತಲೂ ಕಡಿಮೆ ಹಾಕಿದರೆ ಸಾಕು. ನೀರು ಹಾಲಿನಂತೆ ಮಸುಕಾಗುವುದು, ಮೇಲೆ ಕೆನೆಯಂಥ ಪದರ ಕಟ್ಟುವುದು, ಕೊಳೆತ ವಾಸನೆ ಬರುವುದು ಇವೆಲ್ಲ ಆಹಾರ ಹೆಚ್ಚಾಯಿತೆಂಬ ಎಚ್ಚರಿಕೆಗಳು. ಪದರ ಕಟ್ಟಿದರೆ ಉಸಿರುಗೊಳವೆ ಗಾಳಿಗೆ ತಲುಪದೆ ಲಾರ್ವಾ ಸಾಯುತ್ತದೆ. ಕಂಡ ಕೂಡಲೇ ನೀರು ಬದಲಿಸಬೇಕು.

ಕಳಚಿದ ಪೊರೆಯನ್ನು ಅದೇ ದಿನ ಎತ್ತಿ ಎಥನಾಲ್‌ಗೆ ಹಾಕಿ, ಸೀಸೆಯ ಸಂಖ್ಯೆಯನ್ನೇ ಅದಕ್ಕೂ ಕೊಡಿ. ಎರಡು ದಿನ ನೀರಿನಲ್ಲಿ ಬಿಟ್ಟ ಪೊರೆಯ ಮೇಲೆ ಶಿಲೀಂಧ್ರ ಬೆಳೆದು ಕೂದಲುಗಳು ಕಳಚುತ್ತವೆ. ಸಂಖ್ಯೆಯನ್ನು ಪೆನ್ಸಿಲಿನಿಂದ ಬರೆಯಬೇಕು, ಬಾಲ್‌ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗುತ್ತದೆ.

ಹೊರಬಂದ ಸೊಳ್ಳೆಯನ್ನು ತಕ್ಷಣ ಕೊಲ್ಲಬಾರದು. ಒಂದು ಪೂರ್ತಿ ದಿನ ಒದ್ದೆ ಹತ್ತಿಯೊಂದಿಗೆ ಬಿಟ್ಟರೆ ಮೈ ಗಟ್ಟಿಯಾಗಿ ಬಣ್ಣ ನೆಲೆಗೊಳ್ಳುತ್ತದೆ. ಗಂಡಿನ ವಿಷಯದಲ್ಲಿ ಈ ಕಾಯುವಿಕೆ ಇನ್ನೂ ಮುಖ್ಯ: ಅದರ ಜನನಾಂಗ ಹೊರಬಂದ ನಂತರದ ಸುಮಾರು ಒಂದು ದಿನದಲ್ಲಿ 180 ಡಿಗ್ರಿ ತಿರುಗುತ್ತದೆ, ತಿರುಗುವ ಮುಂಚೆ ಕೊಂದ ಮಾದರಿಯನ್ನು ಕೀಲಿಯ, ಅಂದರೆ ಪ್ರಶ್ನೆಗಳ ಸರಣಿಯಿಂದ ಪ್ರಭೇದ ಗುರುತಿಸುವ ಕೈಪಿಡಿಯ, ಚಿತ್ರಗಳೊಂದಿಗೆ ಹೋಲಿಸುವವರು ದಿಕ್ಕು ತಪ್ಪುತ್ತಾರೆ.

ಹಂತ 6: ವಯಸ್ಕ ಸೊಳ್ಳೆಗಳನ್ನು ಹಿಡಿಯುವುದು

ದೀಪದ ಟ್ರ್ಯಾಪನ್ನೇ ನಂಬಿ ಲ್ಯಾಪ್‌ಲ್ಯಾಂಡ್‌ಗೆ ಹೋಗಬೇಡಿ. ಅದರ ಉತ್ತರ ತುದಿಯ ಉತ್ಸ್‌ಯೋಕಿಯಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದಿಲ್ಲ. ಕತ್ತಲೆಯಿಲ್ಲದ ಕಡೆ ದೀಪಕ್ಕೆ ಆಕರ್ಷಣೆಯೂ ಇಲ್ಲ. ಅಲ್ಲಿ ಕೆಲಸ ಮಾಡುವುದು ಇಂಗಾಲದ ಡೈಆಕ್ಸೈಡ್. ಉಷ್ಣನಿರೋಧಕ ಡಬ್ಬಿಯಲ್ಲಿ ಒಂದರಿಂದ ಒಂದೂವರೆ ಕಿಲೋ ಒಣಮಂಜುಗಡ್ಡೆ ಇಟ್ಟರೆ ಒಂದು ರಾತ್ರಿಗೆ ಸಾಕು. ಒಣಮಂಜುಗಡ್ಡೆ ಸಿಗದ ಊರುಗಳಲ್ಲಿ ಪ್ರೊಪೇನ್ ಉರಿಸಿ ಡೈಆಕ್ಸೈಡ್ ಹೊರಡಿಸುವ ಮಸ್ಕಿಟೊ ಮ್ಯಾಗ್ನೆಟ್‌ನಂಥ ಯಂತ್ರಗಳು ಉಪಯುಕ್ತ. ಒಣಮಂಜುಗಡ್ಡೆಯನ್ನು ಮುಚ್ಚಿದ ಕಾರಿನೊಳಗೆ ಕಿಟಕಿ ತೆರೆಯದೆ ಸಾಗಿಸಬಾರದು.

ಟ್ರ್ಯಾಪನ್ನು ನೆಲದಿಂದ ಒಂದು ಮೀಟರಿನಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಗಾಳಿಗೆ ಮರೆಯಾದ ಕಾಡಿನಂಚಿನಲ್ಲಿ ತೂಗುಹಾಕಬೇಕು. ಸೊಳ್ಳೆ ಓಡಿಸುವ ಔಷಧ ಹಚ್ಚಿದ ಕೈಯಿಂದ ಟ್ರ್ಯಾಪಿನ ಬಲೆಯನ್ನು ಮುಟ್ಟಬೇಡಿ; ಅದರ ವಾಸನೆ ಹಿಡಿತವನ್ನು ಕುಗ್ಗಿಸುವುದಲ್ಲದೆ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ ಭಾಗಗಳನ್ನೂ ಕರಗಿಸುತ್ತದೆ. ಮೊದಲು ಕೈಗವಸು ಹಾಕಿ ಟ್ರ್ಯಾಪ್ ಹೂಡಿ, ಅಲ್ಲಿಂದ ದೂರ ಸರಿದ ಮೇಲೆ ಔಷಧ ಹಚ್ಚಿಕೊಳ್ಳುವುದು ಸರಿಯಾದ ಕ್ರಮ. ಗಾಳಿ ಜೋರಾಗಿದ್ದ ಅಥವಾ ಚಳಿ ಬಿದ್ದ ರಾತ್ರಿಯ ಸೊನ್ನೆ ಹಿಡಿತಕ್ಕೆ ಹವಾಮಾನವನ್ನು ಜೊತೆಗೆ ಬರೆಯದಿದ್ದರೆ ಆ ಸೊನ್ನೆಗೆ ಅರ್ಥವಿರುವುದಿಲ್ಲ.

ಕಚ್ಚಲು ಬರುವ ಸೊಳ್ಳೆಗಳನ್ನಷ್ಟೇ ಹಿಡಿದರೆ ಪಟ್ಟಿ ವಾಲುತ್ತದೆ. ಕ್ಯೂಲೆಕ್ಸ್ ಟೊರೆಂಟಿಯಮ್ ಮತ್ತು ಕ್ಯೂಲಿಸೆಟಾ ಮಾರ್ಸಿಟನ್ಸ್ ಮುಖ್ಯವಾಗಿ ಹಕ್ಕಿಗಳ ರಕ್ತವನ್ನೂ, ಕ್ಯೂಲೆಕ್ಸ್ ಟೆರಿಟನ್ಸ್ ಕಪ್ಪೆಗಳ ರಕ್ತವನ್ನೂ ಅವಲಂಬಿಸಿವೆ. ಇವುಗಳಿಗಾಗಿ ಕೈಬಲೆಯಿಂದ ಗಿಡಗಂಟಿಗಳನ್ನು ತಡವಬೇಕು, ಸೇತುವೆಯ ಅಡಿ ಮತ್ತು ಕೊಟ್ಟಿಗೆಯ ಗೋಡೆಗಳಲ್ಲಿ ಕುಳಿತವನ್ನು ಹೀರುಗೊಳವೆಯಿಂದ ಹಿಡಿಯಬೇಕು, ಲಾರ್ವಾಗಳನ್ನು ಸಾಕಬೇಕು. ಬಲೆ ಬೀಸುವುದರಿಂದ ಶಲ್ಕಗಳು ಹೆಚ್ಚು ಉದುರುವುದರಿಂದ ಕೈಬಲೆಯನ್ನು ಗಂಡು ಸೊಳ್ಳೆಗಳಿಗೆ ಮೀಸಲಿಡುವುದು ಲೇಸು. ಗಂಡನ್ನು ಜನನಾಂಗದಿಂದ ಗುರುತಿಸುವುದರಿಂದ ಶಲ್ಕದ ನಷ್ಟ ಅಷ್ಟಾಗಿ ಬಾಧಿಸುವುದಿಲ್ಲ.

ಸ್ವಂತ ತೋಳನ್ನು ಆಮಿಷವಾಗಿಡುವ ಪದ್ಧತಿಯನ್ನು ನಾನು ಸಲಹೆ ಮಾಡುವುದಿಲ್ಲ, ವಿಶೇಷವಾಗಿ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ. ಕೀಲುನೋವು ಮತ್ತು ದದ್ದು ತರುವ ಸಿಂಡ್‌ಬಿಸ್ ವೈರಸ್ ಸೋಂಕು, ಫಿನ್‌ಲ್ಯಾಂಡ್‌ನಲ್ಲಿ ಪೊಗೊಸ್ತಾ ರೋಗವೆಂದು ಹೆಸರಾದದ್ದು, ಆ ಕಾಲದಲ್ಲಿಯೇ ಕಾಣಿಸಿಕೊಳ್ಳುತ್ತದೆ, ಕೀಲುನೋವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಹಂತ 7: ಕೊಲ್ಲುವುದು, ಸೂಜಿಗೇರಿಸುವುದು, ಚೀಟಿ

ವಯಸ್ಕ ಸೊಳ್ಳೆಯನ್ನು ಎಥನಾಲ್‌ಗೆ ಹಾಕಬಾರದು. ಚಿಟ್ಟೆಯ ರೆಕ್ಕೆ ಮುಟ್ಟಿದಾಗ ಬೆರಳಿಗೆ ಅಂಟುವ ಹುಡಿಯಂತೆ ಸೊಳ್ಳೆಯ ಮೈಮೇಲೂ ಶಲ್ಕಗಳಿದ್ದು, ಹೆಣ್ಣು ಸೊಳ್ಳೆಯ ಗುರುತು ಬಹುಪಾಲು ಅವುಗಳ ಬಣ್ಣ ಮತ್ತು ಜೋಡಣೆಯ ಮೇಲೆಯೇ ನಿಂತಿದೆ. ದ್ರವದಲ್ಲಿ ಅವು ತೇಲಿಹೋಗುತ್ತವೆ. ಟ್ರ್ಯಾಪಿನ ಚೀಲವನ್ನು ಹಾಗೆಯೇ ಮೈನಸ್ 20 ಡಿಗ್ರಿಯ ಶೀತಕದಲ್ಲಿ ಒಂದೆರಡು ಗಂಟೆ ಇಟ್ಟು, ಹೊರತೆಗೆದ ಕೂಡಲೇ ಒಣ ಕಾಗದದ ಮೇಲೆ ಹರಡಬೇಕು. ಮುಚ್ಚಿದ ಸೀಸೆಯಲ್ಲಿ ಕರಗಲು ಬಿಟ್ಟರೆ ಒಳಗೆ ತೇವ ಕಟ್ಟಿ ರೆಕ್ಕೆಗಳು ಗಾಜಿಗೆ ಅಂಟುತ್ತವೆ. ಸೀಸೆಯೊಳಗೆ ಮೃದು ಕಾಗದದ ಚೂರು ಇಟ್ಟಿದ್ದರೆ ಈ ತೊಂದರೆ ಕಡಿಮೆ. ವೈರಸ್ ಪರೀಕ್ಷೆಗೆಂದು ಹಿಡಿದ ಸೊಳ್ಳೆಗಳ ದಾರಿಯೇ ಬೇರೆ: ಅವು ಕರಗದಂತೆ ತಂಪು ತಟ್ಟೆಯ ಮೇಲೆಯೇ ವಿಂಗಡಣೆಯಾಗಿ ಮೈನಸ್ 70 ಅಥವಾ 80 ಡಿಗ್ರಿಗೆ ಹೋಗಬೇಕು.

ಲ್ಯಾಪ್‌ಲ್ಯಾಂಡ್‌ನ ಒಂದು ಟ್ರ್ಯಾಪಿನಲ್ಲಿ ಒಂದೇ ರಾತ್ರಿಗೆ ಸಾವಿರಗಟ್ಟಲೆ ಸೊಳ್ಳೆಗಳು ಬೀಳಬಹುದು. ಎಲ್ಲವನ್ನೂ ಗುರುತಿಸಲು ಹೊರಡಬೇಡಿ. ಚೌಕುಳಿ ಎಳೆದ ತಟ್ಟೆಯ ಮೇಲೆ ಸಮನಾಗಿ ಹರಡಿ, ಚೀಟಿ ಎತ್ತಿ ಆರಿಸಿದ ಕೆಲವು ಚೌಕಗಳಲ್ಲಿರುವುದನ್ನು ಮಾತ್ರ ಪೂರ್ತಿಯಾಗಿ ಗುರುತಿಸಿರಿ. ಉಳಿದವುಗಳಲ್ಲಿ ಪಟ್ಟೆಕಾಲು, ಚುಕ್ಕೆರೆಕ್ಕೆ, ಅಸಾಧಾರಣ ಗಾತ್ರದವನ್ನು ಕಣ್ಣಾಡಿಸಿ ಹೆಕ್ಕಿಕೊಳ್ಳಿ. ಹೆಕ್ಕಿದ್ದನ್ನು ಪ್ರಮಾಣದ ಲೆಕ್ಕಕ್ಕೆ ಸೇರಿಸದೆ ಪ್ರತ್ಯೇಕವಾಗಿ ಇಡಬೇಕು.

ಸೂಜಿಗೇರಿಸುವಾಗ ಎದೆಯ ನಡುವೆ ಚುಚ್ಚಿದರೆ ಅಲ್ಲಿನ ಪಟ್ಟೆಗಳೇ ನಾಶವಾಗುತ್ತವೆ. ರಟ್ಟಿನ ತ್ರಿಕೋನದ ತುದಿಗೆ ಚಿಕ್ಕ ಹನಿ ಅಂಟು ಹಚ್ಚಿ ಎದೆಯ ಬಲಬದಿಗೆ ಅಂಟಿಸಿದರೆ ಎಡಬದಿ, ಬೆನ್ನು, ಕಾಲುಗಳು ನೋಡಲು ಸಿಗುತ್ತವೆ. ಅಂಟಿಸುವ ಮುಂಚೆ ಒಂದು ಕಾಲನ್ನು ಕಿತ್ತು ಶೇಕಡಾ 95ರ ಎಥನಾಲ್‌ನಲ್ಲಿ ಡಿಎನ್‌ಎ ಪರೀಕ್ಷೆಗಾಗಿ ಉಳಿಸಿ. ಹಿಂಗಾಲನ್ನು ಕೀಳಬೇಡಿ, ಅದರ ಪಟ್ಟೆಗಳು ಬೇಕಾಗುತ್ತವೆ, ಮುಂಗಾಲಿನ ಉಗುರು ಕೂಡ ಬೇಕು, ನಡುಗಾಲು ಸೂಕ್ತ.

ಚೀಟಿಯಲ್ಲಿ ಸ್ಥಳ, ಅಕ್ಷಾಂಶ ರೇಖಾಂಶ, ದಿನಾಂಕ, ಹಿಡಿದ ವಿಧಾನ, ನೆಲೆಯ ಬಗೆ, ಹಿಡಿದವರ ಹೆಸರು ಇರಬೇಕು. ಫಿನ್‌ಲ್ಯಾಂಡ್‌ಗೆ ತನ್ನದೇ ಆದ ನಕ್ಷಾಂಕ ಪದ್ಧತಿಯಿರುವುದರಿಂದ ಯಾವ ಪದ್ಧತಿಯ ಅಂಕಿಗಳೆಂದು ಸ್ಪಷ್ಟವಾಗಿ ಬರೆಯದಿದ್ದರೆ ಅಂಕಿ ಸರಿಯಿದ್ದರೂ ಜಾಗ ತಪ್ಪಾಗುತ್ತದೆ.

ಹಂತ 8: ಕುಲದವರೆಗೆ

ಮೊದಲು ಅದು ಸೊಳ್ಳೆಯೇ ಎಂದು ಖಚಿತಪಡಿಸಿಕೊಳ್ಳಿ. ಕೆರೆಯಂಚಿನಲ್ಲಿ ಮೋಡದಂತೆ ಹಾರುವ ಕೈರೊನೊಮಿಡ್ ನೊಣಗಳಿಗೆ ಉದ್ದ ಸೊಂಡಿಲಾಗಲಿ ರೆಕ್ಕೆಯ ನರಗಳ ಮೇಲೆ ಶಲ್ಕಗಳಾಗಲಿ ಇರುವುದಿಲ್ಲ. ಗರಿಯಂಥ ಪೊದೆ ಕುಡಿಮೀಸೆ ಇದ್ದರೆ ಗಂಡು, ವಿರಳ ಕೂದಲಿದ್ದರೆ ಹೆಣ್ಣು.

ಹೆಣ್ಣಿನಲ್ಲಿ ಸೊಂಡಿಲಿನ ಪಕ್ಕದ ಪಾಲ್ಪ್ ಎಂಬ ಜೋಡಿ ಸ್ಪರ್ಶಾಂಗಗಳು ಸೊಂಡಿಲಿನಷ್ಟೇ ಉದ್ದವಾಗಿದ್ದರೆ ಅನಾಫಿಲಿಸ್. ಗಿಡ್ಡವಾಗಿದ್ದರೆ ಉಳಿದ ಕುಲಗಳು. ರೆಕ್ಕೆಯಲ್ಲಿ ಚುಕ್ಕೆ ಕಂಡ ತಕ್ಷಣ ಅನಾಫಿಲಿಸ್ ಎಂದು ಬರೆಯುವುದು ಹೊಸಬರ ಅತಿ ಸಾಮಾನ್ಯ ತಪ್ಪು: ಕ್ಯೂಲಿಸೆಟಾ ಅಲಾಸ್ಕೆನ್ಸಿಸ್ ಮತ್ತು ಕ್ಯೂಲಿಸೆಟಾ ಆನ್ಯುಲೇಟಾಗಳಿಗೂ ಚುಕ್ಕೆಗಳಿವೆ. ಗಿಡ್ಡ ಪಾಲ್ಪ್‌ನವುಗಳಲ್ಲಿ ಹೊಟ್ಟೆಯ ತುದಿ ಚೂಪಾಗಿದ್ದರೆ ಈಡಿಸ್. ತುದಿ ಮೊಂಡಾಗಿದ್ದರೆ ಎದೆಯ ಪಕ್ಕದಲ್ಲಿರುವ ಮುಂದಿನ ಉಸಿರುರಂಧ್ರವನ್ನು ನೋಡಿ. ಅದರ ಮುಂಬದಿಯಲ್ಲಿ ಕೂದಲುಗಳ ಗುಚ್ಛವಿದ್ದರೆ ಕ್ಯೂಲಿಸೆಟಾ. ಅದಿಲ್ಲದೆ, ರೆಕ್ಕೆಯ ಶಲ್ಕಗಳು ಅಗಲವಾಗಿ ಕಪ್ಪುಬಿಳಿ ಬೆರೆತಿದ್ದು ಕಾಲುಗಳಲ್ಲಿ ಪಟ್ಟೆಗಳಿದ್ದರೆ ಕಾಕಿಲೆಟಿಡಿಯಾ. ರೆಕ್ಕೆ ಕಾಲುಗಳೆರಡೂ ಕಪ್ಪಾಗಿ ಸಾದಾ ಇದ್ದರೆ ಕ್ಯೂಲೆಕ್ಸ್.

ಲಾರ್ವಾಗಳಲ್ಲಿ ಇದು ಇನ್ನೂ ಸುಲಭ. ಉಸಿರುಗೊಳವೆಯಿಲ್ಲದೆ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದ್ದರೆ ಅನಾಫಿಲಿಸ್. ಕೊಳವೆಯ ಮೇಲೆ ಹಲವು ಜೋಡಿ ಕೂದಲುಗುಚ್ಛಗಳಿದ್ದರೆ ಕ್ಯೂಲೆಕ್ಸ್, ಬುಡದಲ್ಲಿ ಒಂದು ಜೋಡಿ ಇದ್ದರೆ ಕ್ಯೂಲಿಸೆಟಾ, ನಡುವಿನ ಆಸುಪಾಸಿನಲ್ಲಿ ಒಂದು ಜೋಡಿ ಇದ್ದರೆ ಈಡಿಸ್.

ಹಂತ 9: ಪ್ರಭೇದದವರೆಗೆ, ಮತ್ತು ಎಲ್ಲಿ ನಿಲ್ಲಬೇಕು

ಈಡಿಸ್ ಹೆಣ್ಣುಗಳನ್ನು ಮೊದಲು ಕಾಲಿನ ಪಾದಖಂಡಗಳಲ್ಲಿ ಬಿಳಿ ಪಟ್ಟೆ ಇರುವವು, ಇಲ್ಲದವು ಎಂದು ಎರಡು ರಾಶಿ ಮಾಡಿರಿ. ಪಟ್ಟೆಯಿದ್ದರೆ ಅದು ಪ್ರತಿ ಖಂಡದ ಬುಡದಲ್ಲಿ ಮಾತ್ರವೇ, ಅಥವಾ ಕೀಲಿನ ಎರಡೂ ಬದಿಗೆ ಹಬ್ಬಿದೆಯೇ ಎಂದು ನೋಡಬೇಕು. ಎರಡೂ ಬದಿಗೆ ಹಬ್ಬಿದ್ದರೆ ಈಡಿಸ್ ಡಾರ್ಸಾಲಿಸ್ ಅಥವಾ ಕ್ಯಾಸ್ಪಿಯಸ್. ಬುಡದಲ್ಲಿ ಮಾತ್ರವಿದ್ದರೆ ಎಕ್ಸ್‌ಕ್ರೂಸಿಯನ್ಸ್, ಕ್ಯಾಂಟನ್ಸ್, ಆನ್ಯುಲೈಪಿಸ್, ಫ್ಲೇವೆಸೆನ್ಸ್ ಮುಂತಾದವುಗಳ ಗುಂಪು. ಈಡಿಸ್ ವೆಕ್ಸನ್ಸ್‌ನಲ್ಲಿಯೂ ಪಟ್ಟೆ ಬುಡದಲ್ಲೇ ಇದ್ದರೂ ತೀರ ಕಿರಿದಾಗಿರುತ್ತದೆ. ಎಕ್ಸ್‌ಕ್ರೂಸಿಯನ್ಸ್‌ನ ಮುಂಗಾಲಿನ ಉಗುರು ತನ್ನ ಮೇಲಿನ ಚಿಕ್ಕ ಹಲ್ಲಿನ ಬಳಿ ಥಟ್ಟನೆ ಬಾಗಿ ಹಲ್ಲಿಗೆ ಸಮಾನಾಂತರವಾಗಿ ಸಾಗುತ್ತದೆ. ಉಗುರನ್ನು ಗಾಜಿನ ಪಟ್ಟಿಯ ಮೇಲೆ ಇಟ್ಟು ನೋಡದೆ ಈ ಗುಂಪಿನಲ್ಲಿ ಹೆಸರು ಬರೆಯಬಾರದು. ಕ್ಯಾಂಟನ್ಸ್ ಮತ್ತು ಆನ್ಯುಲೈಪಿಸ್ ಹೆಣ್ಣುಗಳು ಉಗುರು ನೋಡಿದರೂ ಬೇರೆಯಾಗದೆ ಉಳಿಯುವುದುಂಟು.

ಪಟ್ಟೆಯಿಲ್ಲದ ರಾಶಿಯೇ ದೊಡ್ಡದು. ಕಮ್ಯೂನಿಸ್‌ನ ಹೊಟ್ಟೆಯ ಬಿಳಿ ಅಡ್ಡಪಟ್ಟಿಗಳು ಹೆಚ್ಚುಕಡಿಮೆ ಒಂದೇ ಅಗಲವಾಗಿದ್ದರೆ ಪಂಕ್ಟರ್‌ನವು ಸಾಮಾನ್ಯವಾಗಿ ನಡುವಿನಲ್ಲಿ ಕಿರಿದಾಗಿರುತ್ತವೆ. ಹೆಕ್ಸೊಡೊಂಟಸ್‌ನ ರೆಕ್ಕೆಯ ಮುಂದಿನ ನರದ ಬುಡದಲ್ಲಿ ತಿಳಿ ಶಲ್ಕಗಳ ಮಚ್ಚೆಯಿರುತ್ತದೆ. ಆದರೆ ಉದುರುವುದರಲ್ಲಿ ಆ ಶಲ್ಕಗಳೇ ಮೊದಲು. ಹೀಗಾಗಿ ಮಚ್ಚೆ ಕಂಡರೆ ಅದಕ್ಕೆ ಬೆಲೆಯುಂಟು, ಕಾಣದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸುವಂತಿಲ್ಲ. ಇಲ್ಲಿ ಸಾಕಿದ ಲಾರ್ವಾದ ಪೊರೆ ನೆರವಿಗೆ ಬರುತ್ತದೆ. ಕಮ್ಯೂನಿಸ್‌ನಲ್ಲಿ ಹೊಟ್ಟೆಯ ಎಂಟನೇ ಖಂಡದ ‘ಬಾಚಣಿಗೆ’ ಎಂಬ ಶಲ್ಕಗಳು ಹಲವು ಹತ್ತುಗಳಷ್ಟಿದ್ದು ಮಚ್ಚೆಯಂತೆ ಕೂಡಿರುತ್ತವೆ, ಕೊನೆಯ ಖಂಡದ ಗಟ್ಟಿ ತಗಡು ಅದನ್ನು ಪೂರ್ತಿ ಸುತ್ತುವುದಿಲ್ಲ. ಪಂಕ್ಟರ್‌ನಲ್ಲಿ ಶಲ್ಕಗಳು ಕಡಿಮೆ, ತಗಡು ಉಂಗುರದಂತೆ ಪೂರ್ತಿ ಸುತ್ತಿರುತ್ತದೆ; ಹೆಕ್ಸೊಡೊಂಟಸ್‌ನಲ್ಲಿಯೂ ಉಂಗುರ ಪೂರ್ಣ, ಶಲ್ಕಗಳು ಮಾತ್ರ ಇನ್ನೂ ಕಡಿಮೆ ಮತ್ತು ದೊಡ್ಡವು. ಮೂರನೇ ಹಂತದ ಲಾರ್ವಾದಲ್ಲಿ ತಗಡು ಅನೇಕ ವೇಳೆ ಪೂರ್ತಿ ಬೆಳೆದಿರುವುದಿಲ್ಲವಾದ್ದರಿಂದ ಪಂಕ್ಟರ್ ಕಮ್ಯೂನಿಸ್‌ನಂತೆ ತೋರಬಹುದು. ಕೀಲಿಗಳೆಲ್ಲ ನಾಲ್ಕನೇ ಹಂತಕ್ಕಾಗಿ ಬರೆದವು ಎಂಬುದನ್ನು ಮರೆಯಬಾರದು.

ಕೆಲವು ಜೋಡಿಗಳಲ್ಲಿ ಹೆಣ್ಣಿನ ಹೊರರೂಪದಿಂದ ಪ್ರಭೇದ ಹೇಳಲು ಹೊರಡುವುದೇ ತಪ್ಪು. ಕ್ಯೂಲೆಕ್ಸ್ ಪಿಪಿಯನ್ಸ್ ಮತ್ತು ಟೊರೆಂಟಿಯಮ್ ಹೆಣ್ಣುಗಳನ್ನು ಖಚಿತವಾಗಿ ಬೇರ್ಪಡಿಸಲಾಗದು. ಹಳೆಯ ಪಟ್ಟಿಗಳಲ್ಲಿ ಎಲ್ಲವೂ ಪಿಪಿಯನ್ಸ್ ಎಂದಿದ್ದರೂ ಉತ್ತರ ಯೂರೋಪಿನಲ್ಲಿ ಹೆಚ್ಚಾಗಿರುವುದು ಟೊರೆಂಟಿಯಮ್. ಈಡಿಸ್ ಸಿನೇರಿಯಸ್ ಮತ್ತು ಜೆಮಿನಸ್‌ಗೂ ಇದೇ ಮಾತು. ಇವೆರಡು ಜೋಡಿಗಳಲ್ಲಿ ಗಂಡಿನ ಜನನಾಂಗವನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ತಿಳಿಗೊಳಿಸಿ, ತೊಳೆದು, ಗಾಜಿನ ಪಟ್ಟಿಯ ಮೇಲೆ ನೋಡಬೇಕು. ದ್ರಾವಣದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಭಾಗಗಳು ಗಾಜಿನಂತೆ ಪಾರದರ್ಶಕವಾಗಿ ಅಂಚುಗಳೇ ಕಾಣದಾಗುತ್ತವೆ. ಆಗಾಗ ತೆಗೆದು ನೋಡುತ್ತಿರಬೇಕು. ಅನಾಫಿಲಿಸ್ ಮ್ಯಾಕ್ಯುಲಿಪೆನ್ನಿಸ್ ಗುಂಪಿನ ಮೆಸ್ಸಿಯೆ, ಬೆಕ್ಲೆಮಿಶೆವಿ ಮೊದಲಾದವು ವಯಸ್ಕ ರೂಪದಲ್ಲಿ ಬೇರೆಯಾಗುವುದೇ ಇಲ್ಲ, ಡಿಎನ್‌ಎಯೇ ದಾರಿ.

ಉಜ್ಜಿಹೋದ ಹೆಣ್ಣಿಗೆ ‘ಪಂಕ್ಟರ್ ಗುಂಪು’ ಅಥವಾ ‘ಈಡಿಸ್, ಪ್ರಭೇದ ಅನಿಶ್ಚಿತ’ ಎಂದು ಬರೆಯುವುದರಲ್ಲಿ ಅವಮಾನವಿಲ್ಲ. ಕೀಲಿಯ ಒಂದು ಪ್ರಶ್ನೆಗೆ ಊಹೆಯ ಉತ್ತರ ಕೊಟ್ಟು ಮುಂದೆ ಸಾಗಿದ ಕ್ಷಣದಿಂದ ನಂತರದ ಉತ್ತರಗಳಿಗೆಲ್ಲ ಬೆಲೆಯಿಲ್ಲ. ನಿಮ್ಮ ಪಟ್ಟಿಯಲ್ಲಿ ಅನಿಶ್ಚಿತ ಎಂಬ ನಮೂದು ಒಂದೂ ಇಲ್ಲದಿದ್ದರೆ, ಅಥವಾ ದಕ್ಷಿಣದ ತೋಟವೊಂದರಿಂದ ಟುಂಡ್ರಾದ ಪ್ರಭೇದ ವರದಿಯಾದರೆ, ಮಾದರಿಯನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.

ಹಂತ 10: ಡಿಎನ್‌ಎ ಪರೀಕ್ಷೆಯ ಮಿತಿ

ಉಳಿಸಿಟ್ಟ ಕಾಲಿನಿಂದ ಸಿಒಐ ಎಂಬ ಜೀನಿನ 658 ಅಕ್ಷರಗಳ ತುಣುಕನ್ನು ಓದಿಸುವುದು ರೂಢಿಯ ವಿಧಾನ. ಕ್ಯೂಲೆಕ್ಸ್ ಜೋಡಿಯನ್ನು ಅದು ಬೇರ್ಪಡಿಸುತ್ತದೆ. ಆದರೆ ಪಂಕ್ಟರ್ ಮತ್ತು ಹೆಕ್ಸೊಡೊಂಟಸ್, ಕ್ಯಾಂಟನ್ಸ್ ಮತ್ತು ಆನ್ಯುಲೈಪಿಸ್ ಜೋಡಿಗಳಲ್ಲಿ ಈ ತುಣುಕನ್ನು ನೆಚ್ಚುವಂತಿಲ್ಲ. ಅನಾಫಿಲಿಸ್ ಗುಂಪಿಗೆ ಐಟಿಎಸ್2 ಎಂಬ ಬೇರೆ ತುಣುಕು ಬೇಕು. ಸಾರ್ವಜನಿಕ ದತ್ತಕೋಶದಲ್ಲಿ ನಿಮ್ಮ ಅನುಕ್ರಮಕ್ಕೆ ಹೊಂದುವ ಮೊದಲ ಹೆಸರನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಬೇಡಿ. ಅಲ್ಲಿಗೆ ಅನುಕ್ರಮ ಸಲ್ಲಿಸಿದವರೂ ಉಜ್ಜಿಹೋದ ಹೆಣ್ಣನ್ನೇ ನೋಡಿ ಹೆಸರಿಟ್ಟಿರಬಹುದು.

ಹಂತ 11: ದಾಖಲೆ ಮತ್ತು ಮಾದರಿಗಳ ಠೇವಣಿ

ಪಟ್ಟಿ ಸಿದ್ಧಪಡಿಸುವಾಗ ಹೆಸರುಗಳ ಗೊಂದಲ ಎದುರಾಗುತ್ತದೆ. ಇಲ್ಲಿ ಈಡಿಸ್ ಎಂದು ಕರೆದ ಹಲವು ಪ್ರಭೇದಗಳು ಇತರ ಬರಹಗಳಲ್ಲಿ ಆಕ್ಲೆರೊಟೇಟಸ್ ಕುಲದ ಹೆಸರಿನಲ್ಲಿವೆ. ಎರಡು ಮೂಲಗಳನ್ನು ಜೋಡಿಸಿ ಎಣಿಸುವವರು ಈಡಿಸ್ ಕಮ್ಯೂನಿಸ್ ಮತ್ತು ಆಕ್ಲೆರೊಟೇಟಸ್ ಕಮ್ಯೂನಿಸ್‌ಗಳನ್ನು ಎರಡೆಂದು ಲೆಕ್ಕ ಹಾಕಿ ಪಟ್ಟಿಯನ್ನು ಉಬ್ಬಿಸುತ್ತಾರೆ. ಒಂದು ಪದ್ಧತಿಯನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಬಳಸಿರಿ.

ಪ್ರತಿ ನಮೂದಿನೊಂದಿಗೆ ಪ್ರಯತ್ನದ ಪ್ರಮಾಣವೂ ಇರಬೇಕು: ಎಷ್ಟು ಸೌಟು, ಎಷ್ಟು ಟ್ರ್ಯಾಪ್‌ರಾತ್ರಿ, ಯಾವ ವಿಧಾನದಿಂದ ಗುರುತು, ಗುರುತಿಸಿದವರು ಯಾರು. ಈ ರೂಪದಲ್ಲಿರುವ ಮಾಹಿತಿಯನ್ನು ಫಿನ್‌ಲ್ಯಾಂಡ್‌ನ ಜೀವವೈವಿಧ್ಯ ಮಾಹಿತಿ ಕೇಂದ್ರದ ಜಾಲತಾಣಕ್ಕೆ ಸಲ್ಲಿಸಬಹುದು. ಪ್ರತಿ ಪ್ರಭೇದದ ಅತ್ಯುತ್ತಮ ಸ್ಥಿತಿಯ ಕೆಲವು ಮಾದರಿಗಳನ್ನು, ಪೊರೆಗಳು ಮತ್ತು ಜನನಾಂಗದ ಗಾಜುಪಟ್ಟಿಗಳ ಸಮೇತ, ಹೆಲ್ಸಿಂಕಿಯ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದಂಥ ಸಂಗ್ರಹಕ್ಕೆ ಒಪ್ಪಿಸಲು ಮುಂಚಿತವಾಗಿ ಮಾತನಾಡಿಕೊಳ್ಳಿ. ಕಳುಹಿಸುವವರೆಗೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇರಲಿ. ಸೂಜಿಯ ಬುಡದಲ್ಲಿ ಕಂದು ಹುಡಿ ಕಂಡರೆ ಒಣ ಮಾದರಿಗಳನ್ನು ತಿನ್ನುವ ಹುಳು ಸೇರಿದೆಯೆಂದು ತಿಳಿದು, ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ ಒಂದು ವಾರ ಮೈನಸ್ 20 ಡಿಗ್ರಿಯಲ್ಲಿ ಇಟ್ಟು, ಕೋಣೆಯ ಬಿಸುಪಿಗೆ ಮರಳಿದ ಮೇಲೆಯೇ ಚೀಲ ತೆರೆಯಿರಿ.